ಅಟ್ಟದ ಮೇಲಿದ್ದ ಗೀಸರ್ ಸ್ವಿಚ್

ಮಡಿಕೇರಿಯಲ್ಲಿ ನಾನು ವೈರಿಂಗ್ ಕೆಲಸ ಶುರು ಮಾಡಿ ಹದಿನಾರು ವರ್ಷ ಆಯ್ತು. ಬಾಡಿಗೆ ಮನೆಯವರು ಬಿಲ್ ಜಾಸ್ತಿ ಬಂತು ಅಂತ ಕರೆದರೆ, ಒಳಗೆ ಕಾಲಿಡುವ ಮೊದಲೇ ನನ್ನ ಬಾಯಲ್ಲಿ ಒಂದು ಮಾತು ಸಿದ್ಧವಾಗಿರುತ್ತಿತ್ತು: "ಗೀಸರ್ ಆಫ್ ಮಾಡೋಕೆ ಮರೀತೀರ." ಕಳೆದ ಮಳೆಗಾಲದಿಂದ ಆ ಮಾತು ಆಡುವುದನ್ನು ಬಿಟ್ಟಿದ್ದೇನೆ.

ಮಹದೇವಪೇಟೆ ಕಡೆ ಒಂದು ಹಳೇ ಹೆಂಚಿನ ಮನೆ. ಬಾಡಿಗೆಗಿರುವವರು ಒಬ್ಬ ಟೀಚರ್, ಜೊತೆಗೆ ಅವರ ವಯಸ್ಸಾದ ಅಮ್ಮ. ಜುಲೈ ತಿಂಗಳ ಮೀಟರ್ 214 ಯೂನಿಟ್ ತೋರಿಸಿತ್ತು. ಗೃಹಜ್ಯೋತಿಯಲ್ಲಿ 200 ದಾಟಿದರೆ ದಾಟಿದ 14ಕ್ಕೆ ಮಾತ್ರ ಅಲ್ಲ, ಪೂರ್ತಿ 214ಕ್ಕೂ ದುಡ್ಡು ಕಟ್ಟಬೇಕು. ಟೀಚರ್ ಕೈಯಲ್ಲಿ ಬಿಲ್ ಹಿಡಿದುಕೊಂಡೇ ಬಾಗಿಲು ತೆಗೆದರು.

ಮಡಿಕೇರಿಯಲ್ಲಿ ಫ್ಯಾನಿಗೆ ಅಷ್ಟೇನೂ ಕೆಲಸ ಇಲ್ಲ. ಇಲ್ಲಿ ಬಿಲ್ ಏರಿಸುವುದು ಬಿಸಿನೀರು. ಬಚ್ಚಲಿನ ಮೇಲಿನ ಅಟ್ಟಕ್ಕೆ ಏಣಿ ಇಟ್ಟು ಹತ್ತಿದೆ. 25 ಲೀಟರಿನ ಅಡ್ಡ ಗೀಸರ್. ಅದರ ಮೇಲೆ ಅವರ ಮನೆ ಬೆಕ್ಕು ಮುದುರಿಕೊಂಡು ಮಲಗಿತ್ತು. ಮಳೆ ಹಿಡಿದಾಗಿನಿಂದ ಅದಕ್ಕೆ ಅದೇ ಜಾಗವಂತೆ. ಗೀಸರ್ ಮೈ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಒಳ್ಳೆಯ ಗೀಸರಿನ ಹೊರಮೈ ಹಾಗೆ ಬೆಚ್ಚಗಿರಬಾರದು. ಒಳಗಿನ ಶಾಖ ಹೊರಗೆ ಸೋರುತ್ತಿದೆ ಅಂತ ಅರ್ಥ.

ಸ್ವಿಚ್ ಹುಡುಕಿದೆ. ಅದೂ ಅಟ್ಟದ ಮೇಲೇ ಇತ್ತು. "ಅಣ್ಣಾ, ಪ್ರತಿ ಸಲ ಸ್ಟೂಲ್ ಹತ್ತೋಕೆ ಅಮ್ಮನಿಗೆ ಆಗಲ್ಲ. ಅದಕ್ಕೇ ಹಾಕಿಯೇ ಬಿಡ್ತೀವಿ" ಅಂದರು ಟೀಚರ್. ಆ ಗೀಸರ್ ಕೂರಿಸಿದವನು ನಾನೇ, ಏಳು ವರ್ಷದ ಹಿಂದೆ. "ಬಾಡಿಗೆ ಮನೆಗೆ ತಾನೆ, ಕಡಿಮೆ ರೇಟಿಂದು ಹಾಕು, ವೈರ್ ಜಾಸ್ತಿ ಎಳೀಬೇಡ" ಅಂದಿದ್ದರು ಓನರ್. ನಾನೂ ಹೂಂ ಅಂದಿದ್ದೆ. ಈ ಸಲ ಏಣಿ ಮೇಲೆ ನಿಂತು ನನಗೆ ನಿಜವಾಗಿಯೂ ನಾಚಿಕೆ ಆಯ್ತು.

ಅವತ್ತು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಫ್ರಿಜ್ ಸಮೇತ ಎಲ್ಲ ಆಫ್ ಮಾಡಿ, ಗೀಸರ್ ಒಂದನ್ನೇ ಆನ್ ಇಡೋಕೆ ಹೇಳಿದೆ. ಯಾರೂ ಒಂದು ಚೊಂಬು ಬಿಸಿನೀರು ಕೂಡ ಹಿಡಿಯಲಿಲ್ಲ. ಆದರೂ ಮೀಟರ್ 0.7 ಯೂನಿಟ್ ಓಡಿತ್ತು. 15 ಲೀಟರ್ ನೀರನ್ನು 20 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸೋಕೆ ಬೇಕಾಗುವುದು ಸುಮಾರು 0.6 ಯೂನಿಟ್. ಅಂದರೆ ಒಬ್ಬರ ಸ್ನಾನಕ್ಕಿಂತ ಜಾಸ್ತಿ ಕರೆಂಟು ಸುಮ್ನೆ ಗಾಳಿಗೆ ಹೋಗಿತ್ತು. ದಿನಪೂರ್ತಿ ಲೆಕ್ಕ ಹಾಕಿದರೆ ತಿಂಗಳಿಗೆ 56 ಯೂನಿಟ್ ಹತ್ತಿರ.

ಓನರ್ ಮನೆಗೆ ಹೋಗಿ ಹೇಳಿದೆ. "ಕರೆಂಟ್ ಬಿಲ್ ಅವರೇ ಕಟ್ಟೋದಲ್ವಾ?" ಅಂದರು. ಕೆಟ್ಟ ಮನುಷ್ಯರೇನಲ್ಲ. ತೊಡಕಿರುವುದೇ ಇಲ್ಲಿ. ಯಾವ ಗೀಸರ್ ಅಂತ ಆಯ್ಕೆ ಮಾಡುವವರು ಒಬ್ಬರು, ಅದರ ಬಿಲ್ ಕಟ್ಟುವವರು ಇನ್ನೊಬ್ಬರು.

ಓನರ್ ಮಗಳು ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಆ ಹೊತ್ತಿಗೆ ಅವರ ಫೋನ್ ಬಂತು, ಸ್ಪೀಕರಿನಲ್ಲೇ ಮಾತಾಯ್ತು. ಅಲ್ಲಿ ಮನೆ ಬಾಡಿಗೆಗೆ ಕೊಡುವಾಗ ಆ ಮನೆ ಎಷ್ಟು ಕರೆಂಟು, ಗ್ಯಾಸ್ ತಿನ್ನುತ್ತದೆ ಅನ್ನುವುದಕ್ಕೆ ಓನರ್ ಒಂದು ಸರ್ಟಿಫಿಕೇಟ್ ಕೊಡಬೇಕು. ಎ ಇಂದ ಜಿ ವರೆಗೆ ದರ್ಜೆ, ಹತ್ತು ವರ್ಷ ಅವಧಿ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2018ರ ಏಪ್ರಿಲ್‌ನಿಂದ ಇ ದರ್ಜೆಗಿಂತ ಕೆಳಗಿರುವ ಮನೆಯನ್ನು ಹೊಸಬರಿಗೆ ಕೊಡುವ ಹಾಗಿಲ್ಲ. 2020ರ ಏಪ್ರಿಲ್‌ನಿಂದ ಮೊದಲೇ ಬಾಡಿಗೆಗಿರುವವರ ಮನೆಗೂ ಅದೇ ನಿಯಮ. ಸರಿಪಡಿಸೋಕೆ ಓನರ್ 3,500 ಪೌಂಡ್ ತನಕ ಕೈಯಿಂದ ಹಾಕಬೇಕು. ಅಷ್ಟು ಹಾಕಿಯೂ ಇ ಮುಟ್ಟದಿದ್ದರೆ ವಿನಾಯಿತಿಗೆ ಹೆಸರು ಬರೆಸಬಹುದು. ನಿಯಮ ಮೀರಿದರೆ ಒಂದು ಮನೆಗೆ 5,000 ಪೌಂಡ್ ತನಕ ದಂಡ. "ಅಪ್ಪಾ, ನಾನು ಮನೆ ನೋಡೋಕೆ ಹೋದಾಗ ಮೊದಲು ಕೇಳಿದ್ದೇ ಆ ಸರ್ಟಿಫಿಕೇಟನ್ನ" ಅಂದರು ಮಗಳು. ಓನರ್ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ನಮ್ಮಲ್ಲಿ ಗೀಸರಿಗೆ ಸ್ಟಾರ್ ಲೇಬಲ್ ಕಡ್ಡಾಯ. ಕರೆಂಟು ಉಳಿಯೋಕೆ ಮನೆಗಳ ಗೋಡೆ, ಕಿಟಕಿ ಹೇಗಿರಬೇಕು ಅನ್ನುವ ಇಕೋ ನಿವಾಸ್ ಸಂಹಿತೆ 2018ರಲ್ಲಿ ಬಂದಿದೆ, ಆದರೆ ಅದು ಹೊಸದಾಗಿ ಕಟ್ಟುವ ಮನೆಗಳಿಗೆ. ಹಳೇ ಬಾಡಿಗೆ ಮನೆಯ ಅಟ್ಟ ಹತ್ತಿ ನೋಡುವವರು ನನ್ನಂಥ ಕೆಲಸದವರು ಮಾತ್ರ. ಹಾಗಾಗಿ ನಾವು ಬಾಯಿ ಮುಚ್ಚಿಕೊಂಡಿರಬಾರದು ಅಂತ ನನಗೆ ಬಲವಾಗಿ ಅನಿಸುತ್ತದೆ.

ಓನರ್ ಮೊದಲು ಸ್ವಿಚ್ಚಿಗಷ್ಟೇ ಒಪ್ಪಿದರು. ಬಚ್ಚಲ ಬಾಗಿಲ ಹೊರಗೆ, ಅಮ್ಮನ ಕೈಗೆ ಎಟುಕುವ ಎತ್ತರಕ್ಕೆ, ಕೆಂಪು ದೀಪ ಇರುವ 20 ಆ್ಯಂಪ್ ಡಿಪಿ ಸ್ವಿಚ್ (ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವಂಥದ್ದು) ಹಾಕಿದೆ. ನನ್ನ ಕೂಲಿ ತಗೊಳ್ಳಲಿಲ್ಲ. ಮುಂದಿನ ಬಿಲ್ 163 ಯೂನಿಟ್ ಬಂತು. ಪುತ್ತರಿ ಹಬ್ಬ ಕಳೆದ ಮೇಲೆ ಓನರೇ ಫೋನ್ ಮಾಡಿ 15 ಲೀಟರಿನ ಐದು ಸ್ಟಾರ್ ಗೀಸರ್ ತರಿಸಿದರು.

ಈಗ ಬಾಡಿಗೆ ಮನೆ ಕೆಲಸಕ್ಕೆ ಕೊಟೇಶನ್ ಬರೆಯುವಾಗ ಗೀಸರಿನ ರೇಟಿನ ಪಕ್ಕದಲ್ಲೇ ಎಷ್ಟು ಸ್ಟಾರ್, ಎಷ್ಟು ಲೀಟರ್, ಸ್ವಿಚ್ ಎಲ್ಲಿ ಅಂತ ಬರೆಯುತ್ತೇನೆ. ಕೆಲವರು ಆ ಸಾಲು ಹೊಡೆದುಹಾಕಿ ಅನ್ನುತ್ತಾರೆ. ಸ್ಟಾರ್ ಬೇಕಾದರೆ ಕಡಿಮೆ ಮಾಡುತ್ತೇನೆ, ಸ್ವಿಚ್ಚನ್ನು ಮಾತ್ರ ಮೇಲೆ ಹಾಕುವುದಿಲ್ಲ.

ಮೊನ್ನೆ ಟೀಚರ್ ಸಂತೆಯಲ್ಲಿ ಸಿಕ್ಕಿದ್ದರು. ಬೆಕ್ಕು ಈಗ ಅಟ್ಟ ಹತ್ತುವುದಿಲ್ಲವಂತೆ. ಅಡುಗೆಮನೆ ಒಲೆ ಪಕ್ಕ ಮಲಗುತ್ತದಂತೆ.