ಮೈದುನತನದ ಸರಸ

ಮಂಗಳವಾರ ರಾತ್ರಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹಜಾರದಲ್ಲಿ ಮಗಳು ಕುಮಾರವ್ಯಾಸನ ಪದ್ಯ ಉರು ಹೊಡೆಯುತ್ತಿದ್ದಳು. ಹತ್ತನೇ ತರಗತಿಯ ‘ಕೌರವೇಂದ್ರನ ಕೊಂದೆ ನೀನು’ ಪಾಠ, ಮಾರನೇ ದಿನ ಪೂರ್ವಸಿದ್ಧತಾ ಪರೀಕ್ಷೆ. ಮೊದಲ ಪದ್ಯದಲ್ಲೇ ನಿಂತುಬಿಟ್ಟಳು.

“ಅಮ್ಮಾ, ಇಲ್ಲಿ ಮೈದುನತನದ ಸರಸ ಅಂತಿದೆ. ಕರ್ಣ ಕುಂತಿ ಮಗ ಅಂತ ಕೃಷ್ಣ ಹೇಳೋದು ಆಮೇಲೆ ತಾನೆ? ಈಗಲೇ ಹೆಂಗೆ ಮೈದುನ ಆದ?”

ಸಾಸಿವೆ ಹೊತ್ತಿತು. ಒಲೆ ಆರಿಸಿ ಹೊರಗೆ ಬಂದೆ. “ಟ್ಯೂಷನ್ನಲ್ಲೂ ಕೇಳ್ದೆ. ಅದು ಪ್ರಶ್ನೆಗೆ ಬರಲ್ಲ, ಬಿಡು ಅಂದ್ರು,” ಅಂದಳು.

ಬಿಡುವುದು ಹೇಗೆ? ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದಿದವಳು ನಾನು. ಕರ್ಣ–ಕೃಷ್ಣರ ಈ ಭಾಗ ಆಗಿನಿಂದ ನನ್ನ ಬಾಯಲ್ಲಿದೆ. ‘ಇನತನೂಜನ ಕೂಡೆ ಮೈದುನತನದ ಸರಸವನೆಸಗಿ’ ಅಂತ ಎಷ್ಟು ಸಲ ಹೇಳಿಕೊಂಡಿದ್ದೇನೋ. ಆ ಪದ ಅಲ್ಲಿ ಯಾಕಿದೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಅವಳು ಮಲಗಿದ ಮೇಲೆ ಅಪ್ಪನ ಗದುಗಿನ ಭಾರತ ತೆಗೆದೆ. ಕುವೆಂಪು, ಮಾಸ್ತಿ ಸಂಪಾದಿಸಿದ ಪ್ರತಿ. ಬೆನ್ನು ಕಿತ್ತುಹೋಗಿ ಅಪ್ಪನೇ ರಟ್ಟು ಅಂಟಿಸಿದ್ದರು. ಉದ್ಯೋಗಪರ್ವದಲ್ಲಿ ಸಂಧಾನ ಮುರಿದುಬಿದ್ದಿದೆ, ಕೃಷ್ಣ ಹಸ್ತಿನಾವತಿಯಿಂದ ಹೊರಟಿದ್ದಾನೆ, ಕರ್ಣನನ್ನು ರಥಕ್ಕೆ ಬರಸೆಳೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ. ಕುಂತಿ ಕೃಷ್ಣನಿಗೆ ಸೋದರತ್ತೆ, ಹಾಗಾಗಿ ಕರ್ಣ ಮೈದುನನೇ. ಅದು ಕೃಷ್ಣನಿಗೆ ಗೊತ್ತು, ಕವಿಗೆ ಗೊತ್ತು. ಪಕ್ಕದಲ್ಲಿ ಕೂತವನಿಗೆ ಮಾತ್ರ ಗೊತ್ತಿಲ್ಲ. ಅದರ ಹಿಂದಿನ ಪದವನ್ನೂ ನೋಡಿ. ಇನ ಅಂದರೆ ಸೂರ್ಯ, ಇನತನೂಜ ಅಂದರೆ ಸೂರ್ಯನ ಮಗ. ತಾನು ಸೂತನ ಮಗ ಅಂತ ನಂಬಿಕೊಂಡು ಬಂದವನನ್ನು ಕವಿ ಮೊದಲ ಪದದಲ್ಲೇ ಸೂರ್ಯನ ಮಗ ಅಂದುಬಿಟ್ಟ. ಹೇಳಬೇಕಾದ ಗುಟ್ಟೆಲ್ಲ ಆ ಒಂದು ಸಾಲಲ್ಲೇ ಇದೆ.

ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಇದನ್ನು ಕೇಳಿದವರಲ್ಲಿ ಕರ್ಣ ಯಾರ ಮಗ ಅಂತ ಗೊತ್ತಿಲ್ಲದವರು ಯಾರಿದ್ದರು? ಕಥೆ ಗೊತ್ತಿದ್ದವರಿಗೇ ಕುಮಾರವ್ಯಾಸ ಹಾಡಿದ್ದು. ಮುಂದೇನಾಯಿತು ಅಂತ ಓಡುವವರಿಗೆ ‘ಮೈದುನ’ ಬರೀ ಸಲಿಗೆಯ ಮಾತು. ಮುಂದಾಗುವುದೆಲ್ಲ ಗೊತ್ತಿದ್ದು ಹಿಂದಕ್ಕೆ ಬಂದವರಿಗೆ ಅದೇ ಪದ ಎದೆಗೆ ಚುಚ್ಚುತ್ತದೆ. ಮೂವತ್ತು ವರ್ಷ ಓದಿದ್ದೆ ಅಂದುಕೊಂಡಿದ್ದ ಪದ್ಯ ಮಂಗಳವಾರ ರಾತ್ರಿ ಹನ್ನೊಂದೂವರೆಗೆ ಹೊಸದಾಗಿ ಶುರುವಾಯಿತು. ಇಂಥ ಸುಖ ನನಗೆ ಇನ್ನಾವುದರಲ್ಲೂ ಸಿಕ್ಕಿಲ್ಲ.

ಪಕ್ಕದಲ್ಲಿ ಕೂತ ಕರ್ಣ, ನಿಮ್ಮ ಸರಿಸಮ ಕೂರುವುದೇ, ‘ಅಂಜುವೆನು’ ಅನ್ನುತ್ತಾನೆ. ಕೃಷ್ಣ ತೊಡೆಗೆ ತೊಡೆ ಸೋಕುವಷ್ಟು ಹತ್ತಿರ ಸರಿಯುತ್ತಾನೆ. ಅಷ್ಟು ಹತ್ತಿರ ಹೋಗಿ ಕೊಲ್ಲುವವನನ್ನು ನಾನು ಕ್ಷಮಿಸಲಾರೆ. ಕಾಲೇಜಿನಲ್ಲಿ ನನ್ನ ಸಿಟ್ಟೆಲ್ಲ ಕುಂತಿಯ ಮೇಲಿತ್ತು. ಹೆತ್ತ ಮೇಲೆ ಅದು ಕರಗಿತು. ಕೂಸನ್ನು ಹೊಳೆಗೆ ಬಿಟ್ಟವಳು ಆಗ ತಾನೇ ಕೂಸಿನಂಥವಳು.

ಕೃಷ್ಣ ತೋರಿಸುವ ಆಸೆ ಸಣ್ಣದಲ್ಲ. ಎಡಕ್ಕೆ ಕೌರವರು, ಬಲಕ್ಕೆ ಪಾಂಡವರು, ನಡುವೆ ಓಲಗದಲ್ಲಿ ನೀನು. ಇದನ್ನು ಬಿಟ್ಟು ದುರ್ಯೋಧನ ಮಾತಾಡಿಸಿದರೆ ‘ಜೀಯ ಹಸಾದ’ ಅನ್ನುವುದು ‘ಕಷ್ಟ ನಿನಗೆ’ ಅನ್ನುತ್ತಾನೆ. ಇಪ್ಪತ್ತರ ವಯಸ್ಸಿನಲ್ಲಿ ನನಗೆ ಕೃಷ್ಣನ ಮಾತೇ ಸರಿ ಕಂಡಿತ್ತು. ಇಪ್ಪತ್ತೆರಡು ವರ್ಷ ಕಚೇರಿಯಲ್ಲಿ ದುಡಿದ ಮೇಲೆ ಹಾಗನ್ನಿಸುವುದಿಲ್ಲ. ಕಷ್ಟದಲ್ಲಿ ಕೈಹಿಡಿದವರಿಗೆ ಅನ್ನುವ ‘ಆಯ್ತು ಸಾರ್’ ಬೇರೆ, ಬರೀ ಕುರ್ಚಿಗೆ ಅನ್ನುವ ‘ಆಯ್ತು ಸಾರ್’ ಬೇರೆ. ಕರ್ಣನಿಗೆ ಆ ‘ಹಸಾದ’ ಎಂದೂ ಕಷ್ಟವಾಗಿರಲಿಲ್ಲ. ‘ಹೊರೆದ ದಾತಾರ’ ಅನ್ನುತ್ತಾನೆ ಅವನು, ಸಾಕಿದ ಒಡೆಯ. ಗೈಡಿನಲ್ಲಿ ಇದಕ್ಕೆಲ್ಲ ‘ಸ್ವಾಮಿನಿಷ್ಠೆ’ ಅಂತ ಒಂದೇ ಪದ ಬರೆದು ಮುಗಿಸಿದ್ದಾರೆ. ಮಕ್ಕಳಿಗೆ ಅನ್ಯಾಯ ಇದು.

ಆಮೇಲೆ ಆ ಪದ್ಯ.

ಕೊರಳ ಸೆರೆ ಹಿಗ್ಗಿದವು ದೃಗುಜಲ
ಉರವಣಿಸಿ ಕಡುನೊಂದನಕಟಾ
ಕುರುಪತಿಗೆ ಕೇಡಾದುದೆಂದನು ತನ್ನ ಮನದೊಳಗೆ

ಕೊರಳ ನರ ಉಬ್ಬುವುದನ್ನು ನಾನು ಒಂದೇ ಸಲ ನೋಡಿದ್ದೇನೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಅಜ್ಜಿಯ ವಿಷಯ ಹೇಳಿ ಒಳಗೆ ಹೋದರು. ಅಪ್ಪ ಅಳಲಿಲ್ಲ. ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತರು. ಅಂಗಿಯ ಕಾಲರಿನ ಮೇಲೆ ನರವೊಂದು ಹಗ್ಗದ ಹಾಗೆ ಎದ್ದು ನಿಂತಿತ್ತು. ಸ್ವಲ್ಪ ಹೊತ್ತಿಗೆ, “ನಿನ್ನ ಚಿಕ್ಕಪ್ಪ ತಡಕೊಳ್ಳಲ್ಲ, ಅವನಿಗೆ ಹೆಂಗೆ ಹೇಳೋದು?” ಅಂದರು. ಅವರಿಗೂ ಮೊದಲು ನೆನಪಾದದ್ದು ಇನ್ನೊಬ್ಬರ ನೋವು. ತಾನು ರಾಜಪುತ್ರ, ತನಗೆ ತಾಯಿ ಇದ್ದಾಳೆ, ಐವರು ತಮ್ಮಂದಿರಿದ್ದಾರೆ ಅಂತ ತಿಳಿದ ಕ್ಷಣ ಕರ್ಣನಿಗೆ ಹೊಳೆದದ್ದು ಅಯ್ಯೋ, ದುರ್ಯೋಧನನಿಗೆ ಕೇಡಾಯಿತಲ್ಲ ಅನ್ನುವುದು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಈ ಸಾಲಿನ ಅರ್ಥ ನನಗಾದದ್ದು ಆ ಕಾರಿಡಾರಿನಲ್ಲಿ. ಅದರ ಮುಂದಿನ ‘ತನ್ನ ವಂಶವನರುಹಿ ಕೊಂದನು’ ಅನ್ನುವುದನ್ನು ಮಂಗಳವಾರ ಗಟ್ಟಿಯಾಗಿ ಓದಲು ನೋಡಿದೆ, ಆಗಲಿಲ್ಲ. ಹುಟ್ಟಿದ ಮನೆ ಯಾವುದು ಅಂತ ಹೇಳಿಯೇ ಒಬ್ಬನನ್ನು ಕೊಲ್ಲಬಹುದು.

ಬೆಳಗ್ಗೆ ಮಗಳಿಗೆ ಹೇಳಿದೆ: “ನೀನು ಕೇಳಿದ್ದು ಸರಿ ಪುಟ್ಟಿ. ಅವನಿಗಿನ್ನೂ ಗೊತ್ತಿಲ್ಲ. ಗೊತ್ತಿರೋದು ನಮಗೆ.”

ಬೇಕಂತಲೇ ಹಾಗೆ ಬರೆದಿದ್ದಾನಾ ಅಂದಳು. ಬೇಕಂತಲೇ ಅಂದೆ.

ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲಿಲ್ಲ. ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತು ಪದ್ಯ ಗುನುಗುತ್ತಲೇ ಇದ್ದಳು. ಸಿಗ್ನಲ್ಲಿನಲ್ಲಿ ನಿಂತಾಗ ನನ್ನ ಭುಜ ತಟ್ಟಿದಳು.

“ಅಮ್ಮಾ, ಅಂಜುವೆನು ಅಂತಾನಲ್ಲ, ಆಗ್ಲೇ ಏನೋ ಅನುಮಾನ ಬಂದಿತ್ತಾ ಅವನಿಗೆ?”