ಮೈಕ್ ಎಲ್ಲಿತ್ತು?

“ಹ್ಯಾಂಬರ್ಗಿನದು ಚುರುಕು, ಪಾಸಾವಿನದು ಮಂಕು.” ಜರ್ಮನಿಯ ಈ ಎರಡು ಊರುಗಳ ಚರ್ಚುಗಳಲ್ಲಿರುವ, ಕೊಳವೆಗಳಿಗೆ ಗಾಳಿ ಊದಿ ನುಡಿಸುವ ದೊಡ್ಡ ಆರ್ಗನ್‌ಗಳ ರೆಕಾರ್ಡಿಂಗನ್ನು ಮೊಬೈಲಿನಲ್ಲೇ ಕೇಳಿ ಗೆಳೆಯರೊಬ್ಬರು ಈ ವಾರ ಕೊಟ್ಟ ತೀರ್ಪು ಇದು. ಕಿವಿ ಒಳ್ಳೆಯದೇ, ಆತುರ ಜಾಸ್ತಿ. ಆ ಮಾತು ಇನ್ನೂ ತಲೆಯಿಂದ ಇಳಿದಿಲ್ಲ.

ಹ್ಯಾಂಬರ್ಗಿನ ಸೇಂಟ್ ಯಾಕೋಬಿ ಚರ್ಚಿನ ಆರ್ಗನ್ನನ್ನು ಆರ್ಗನ್ ತಯಾರಕ ಆರ್ಪ್ ಶ್ನಿಟ್ಗರ್ ಮುಗಿಸಿದ್ದು 1693ರಲ್ಲಿ. ಅದರ ಶ್ರುತಿ, ಅಂದರೆ ‘ಎ’ ಸ್ವರದ ಆವರ್ತನ, ಇವತ್ತಿನ 440 ಹರ್ಟ್ಸ್ ಅಲ್ಲ, ಸುಮಾರು 495. ಷಡ್ಜಕ್ಕೂ ಚತುಶ್ರುತಿ ರಿಷಭಕ್ಕೂ ಇರುವಷ್ಟು ಅಂತರ. ಡಿ ಮೈನರ್ ಕೃತಿ ಅಲ್ಲಿ ಇ ಮೈನರ್ ಆಗಿ ಕೇಳುತ್ತದೆ. ಶ್ರುತಿ ಏರಿದರೆ ಯಾವ ವಾದ್ಯವೂ ಮೊದಲಿಗೆ ಚುರುಕೇ. ಧ್ವನಿ ತಿದ್ದುವ ಆಡಾಸಿಟಿ ತಂತ್ರಾಂಶದಲ್ಲಿ ಹ್ಯಾಂಬರ್ಗಿನ ರೆಕಾರ್ಡಿಂಗನ್ನು ವೇಗ ಮುಟ್ಟದೆ ಎರಡು ಸ್ವರಸ್ಥಾನ ಇಳಿಸಿ ಮತ್ತೆ ಕೇಳಬೇಕು. ಇಳಿಸಿದಾಗ ನಾದದ ಬಣ್ಣವೂ ಸ್ವಲ್ಪ ಕೆಡುತ್ತದೆ, ಆದ್ದರಿಂದ ಇದು ಪರೀಕ್ಷೆಗೆ ಮಾತ್ರ. ಆಮೇಲೂ ಉಳಿಯುವ ಹೊಳಪಿನಲ್ಲಿ ಮಿಕ್ಸ್ಚರ್ ಸ್ಟಾಪ್‌ಗಳ (ಸ್ಟಾಪ್ ಅಂದರೆ ಒಂದು ಬಗೆಯ ನಾದದ ಕೊಳವೆಗಳ ಗುಂಪು; ಮಿಕ್ಸ್ಚರ್ ತಾರ ಸ್ವರಗಳನ್ನು ಒಟ್ಟಿಗೆ ನುಡಿಸುವಂಥದ್ದು) ಪಾಲೆಷ್ಟು, ಮೈಕಿನ ಪಾಲೆಷ್ಟು ಎಂಬುದು ಮುಂದಿನ ಪ್ರಶ್ನೆ.

ಪಾಸಾವಿಗೆ ಅನ್ಯಾಯವಾಗುವುದು ಇಲ್ಲೇ. ಸೇಂಟ್ ಸ್ಟೀಫನ್ ಕ್ಯಾಥೆಡ್ರಲ್‌ನಲ್ಲಿ ಐಸೆನ್‌ಬಾರ್ತ್ ಸಂಸ್ಥೆ ಕಟ್ಟಿದ್ದು ಒಂದಲ್ಲ, ಐದು ಆರ್ಗನ್: 233 ಸ್ಟಾಪ್, 17,974 ಕೊಳವೆ, ಎಲ್ಲಕ್ಕೂ ಒಂದೇ ಕನ್ಸೋಲ್, ಅಂದರೆ ವಾದಕ ಕೂತು ನುಡಿಸುವ ಕೀಲಿಮಣೆ. ಒಂದಂತೂ ಅಟ್ಟದ ಮೇಲಿದ್ದು, ಅದರ ಧ್ವನಿ ಕಮಾನು ಚಾವಣಿಯ ರಂಧ್ರದಿಂದ ಇಳಿಯುತ್ತದೆ. ಇಷ್ಟನ್ನೂ ಹಿಡಿಯಲು ಮೈಕನ್ನು ದೂರ ಇಟ್ಟರೆ ತಾರ ಆವರ್ತನಗಳು ಗಾಳಿಯಲ್ಲೇ ಸವೆದು, ನೇರ ನಾದಕ್ಕಿಂತ ಅನುರಣನ ಮುಂದಾಗುತ್ತದೆ. ಮಂಕು ಅನ್ನಿಸುವುದು ಎಷ್ಟೋ ಸಲ ಆ ದೂರವೇ.

ಮೊಬೈಲಿನ ವಿಷಯ ಹೇಳುವುದೇ ಬೇಡ. 32 ಅಡಿ ಸ್ಟಾಪಿನ (ಅಡಿ ಅಂದರೆ ಅದರ ಅತಿ ಉದ್ದದ ಕೊಳವೆಯ ಅಳತೆ) ಅತಿ ಕೆಳಗಿನ ಸಿ ಸ್ವರ ಸುಮಾರು 16 ಹರ್ಟ್ಸ್, ಹ್ಯಾಂಬರ್ಗಿನ ಶ್ರುತಿಯಲ್ಲಿ 18. ಮೊಬೈಲ್ ಸ್ಪೀಕರ್ ಅದರ ಹತ್ತು ಪಟ್ಟಿನಲ್ಲೂ ಸೊರಗಿರುತ್ತದೆ. ಕಿವಿ ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಅನುಸ್ವರಗಳಿಂದ (ಹಾರ್ಮೋನಿಕ್ಸ್) ಆ ಮಂದ್ರವನ್ನು ಊಹಿಸಿಕೊಳ್ಳುತ್ತದೆ, ನಾವು ಕೇಳಿದೆವು ಅಂದುಕೊಳ್ಳುತ್ತೇವೆ.

ಇಯರ್‌ಫೋನ್ ಹಾಕಿಕೊಂಡು, ಎರಡೂ ರೆಕಾರ್ಡಿಂಗ್‌ಗಳಲ್ಲಿ ಆರ್ಗನ್ನಿನ ಮೂಲ ನಾದ ಕೊಡುವ 8 ಅಡಿಯ ಪ್ರಿನ್ಸಿಪಲ್ ಸ್ಟಾಪ್ ಒಂದೇ ನುಡಿಯುವ ಭಾಗ ಹುಡುಕಿ, ಅಲ್ಲಿ ಗಟ್ಟಿತನ ಸಮಮಾಡಿ. ಪೂರ್ಣ ಆರ್ಗನ್ನಿನ ಶಿಖರಕ್ಕೆ ಹೊಂದಿಸಿದರೆ ಲೆಕ್ಕ ತಪ್ಪುತ್ತದೆ; ಒಂದೆರಡು ಡೆಸಿಬೆಲ್ ಜೋರಿದ್ದದ್ದೇ ಮೇಲು ಅನ್ನಿಸಿಬಿಡುತ್ತದೆ. ಸ್ವರ ಹುಟ್ಟುವ ಕ್ಷಣ ಗಮನಿಸಿ: ಕೊಳವೆಯ ತುಟಿಯಲ್ಲಿ ಗಾಳಿ ನಾದವಾಗುವ ಮುನ್ನ ಸಣ್ಣ ‘ಚ್’ ಬರುತ್ತದೆ. ಮೈಕ್ ಹತ್ತಿರವಿದ್ದರೆ ಅದು ಬಿಡಿಸಿಟ್ಟಂತೆ ಕೇಳುತ್ತದೆ. ಬೆರಳು ಎತ್ತಿದ ಮೇಲೆ ಉಳಿಯುವುದು ಕಟ್ಟಡದ್ದು. ಉದಾಹರಣೆಗೆ, ಜರ್ಮನಿಯದೇ ಆದ ಕಲೋನ್ ಕ್ಯಾಥೆಡ್ರಲ್‌ನಲ್ಲಿ ಆ ಅನುರಣನ ಸುಮಾರು 13 ಸೆಕೆಂಡ್.

ಕೊಳವೆಗಳ ಕೊನೆಯ ಧ್ವನಿ ತಿದ್ದುವುದು ಚರ್ಚಿನೊಳಗೇ, ಒಂದೊಂದಾಗಿ, ಆ ಗೋಡೆಗಳು ಹೇಗೆ ಮರುನುಡಿಯುತ್ತವೆ ಅಂತ ಕೇಳಿಕೊಂಡು. ಹೀಗಿರುವಾಗ ಕಟ್ಟಡ ಬಿಟ್ಟು ಆರ್ಗನ್ನಿಗೆ ಮಾತ್ರ ಅಂಕ ಕೊಡುವುದು ನನಗೆ ಒಪ್ಪಿತವಲ್ಲ.