ಕುದುರೆ ಹತ್ತಿಸಿದರೆ ಫೌಜಿಯ ಮನಸ್ಸು ಸರಿಯಾಗುತ್ತದೆಯೇ?

ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ನಾನು ಮನಃಶಾಸ್ತ್ರಜ್ಞರೊಬ್ಬರೊಡನೆ ಸೇರಿ, ಕುದುರೆಗಳ ನೆರವಿನಿಂದ ಮಾಜಿ ಸೈನಿಕರೊಂದಿಗೆ ಕೆಲಸ ಮಾಡುತ್ತೇನೆಂದು ಗೊತ್ತಾದೊಡನೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಅಲ್ರೀ, ಕುದುರಿ ಹತ್ತಿಸಿದ್ರ ಫೌಜಿ ತಲಿ ಸರಿ ಆಗ್ತದೇನ್ರಿ?"

ಆಗುವುದಿಲ್ಲ. ನಾವು ಹತ್ತಿಸುವುದೂ ಇಲ್ಲ. ಪಿಟಿಎಸ್‌ಡಿಯನ್ನು (ಯುದ್ಧದಂಥ ಭೀಕರ ಅನುಭವ ಮುಗಿದ ಮೇಲೂ ಮನಸ್ಸನ್ನು ಕಾಡುವ ಆಘಾತ) ಅಮೆರಿಕದ ಮನೋವೈದ್ಯರ ಸಂಘ 1980ರಲ್ಲೇ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಅದಕ್ಕೆ ಬೇಕಾದದ್ದು ಮನೋವೈದ್ಯರ ಚಿಕಿತ್ಸೆ. ಕುದುರೆ ಆ ಚಿಕಿತ್ಸೆಗೆ ಜೊತೆಯಾಗಬಲ್ಲದೇ ಹೊರತು ಬದಲಿಯಾಗಲಾರದು. ಮನೆಯಲ್ಲಿ ರಾತ್ರಿಯೆಲ್ಲ ಎದ್ದು ಕೂರುವ ಫೌಜಿ ಇದ್ದರೆ ಮೊದಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.

ಒಂದು ಮದುವೆಯಲ್ಲಿ ಹಿರಿಯರೊಬ್ಬರು ಮದುಮಗನ ಮೆರವಣಿಗೆಯ ಕುದುರೆಯನ್ನು ತೋರಿಸಿ ಈ ಪ್ರಶ್ನೆಯನ್ನು ನಿವೃತ್ತ ಹವಾಲ್ದಾರರೊಬ್ಬರ ಎದುರಿಗೇ ಕೇಳಿದರು. ಬಾಗಿಲು ಕಾಣುವಂತೆ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದ ಆ ಕಾಕಾ, ಅರ್ಧ ಉಂಡ ತಾಟನ್ನು ಕೆಳಗಿಟ್ಟು ಎದ್ದು ಹೋದರು. ಹೊರಗೆ ಪಟಾಕಿ ಸಿಡಿಯುತ್ತಿತ್ತು. ಕುದುರೆಯ ಕಿವಿಗಳು ಒಂದೊಂದು ದಿಕ್ಕಿಗೆ ತಿರುಗುತ್ತಿದ್ದವು, ಕಣ್ಣಿನ ಬಿಳಿ ಹೊರಗೆ ಕಾಣುತ್ತಿತ್ತು. ಇಬ್ಬರನ್ನೂ ಕಾಡುತ್ತಿದ್ದುದು ಒಂದೇ ಸದ್ದು ಎಂಬುದು ನೆರೆದವರಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೆ ಇಂದಿಗೂ ಸಿಟ್ಟು ತರಿಸುವುದು ಅದೇ.

ಅಪಾಯವನ್ನು ಮೊದಲೇ ಗುರುತಿಸಿ ಓಡಿ ಬದುಕಿದ ಪ್ರಾಣಿ ಕುದುರೆ. ನಮ್ಮಲ್ಲಿ ಸೈನಿಕರು ಖರಾರಾದಿಂದ (ಕುದುರೆಯ ಮೈ ಉಜ್ಜುವ ಬ್ರಷ್) ಅದರ ಮೈ ಉಜ್ಜುತ್ತಾರೆ, ಗೊರಸು ಎತ್ತಿ ಕೆಸರು ತೆಗೆಯುತ್ತಾರೆ, ಹಗ್ಗ ಹಿಡಿದು ನಡೆಸುತ್ತಾರೆ. ಹಿಡಿದವರ ಭುಜ ಬಿಗಿಯಾದರೆ ಅದು ಅಲ್ಲೇ ತಡೆದು ನಿಲ್ಲುತ್ತದೆ; ಅವರು ಉಸಿರು ಸಡಿಲಿಸಿದಾಗ ಬಹಳ ಸಲ ಕತ್ತು ತಗ್ಗಿಸಿ ಹೆಜ್ಜೆ ಹಾಕುತ್ತದೆ. ತನ್ನ ಮೈ ಬಿಗಿದಿರುವುದನ್ನು ಯಾರೂ ಹೇಳದೆಯೇ ಮನುಷ್ಯ ಕಂಡುಕೊಳ್ಳುವುದು ಅಲ್ಲಿ, ಮನಃಶಾಸ್ತ್ರಜ್ಞರ ಜೊತೆ ಮಾತು ಶುರುವಾಗುವುದೂ ಅಲ್ಲಿಂದಲೇ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು 63 ಮಾಜಿ ಸೈನಿಕರೊಂದಿಗೆ ವಾರಕ್ಕೊಮ್ಮೆಯಂತೆ 8 ವಾರ ಇಂಥ ಚಿಕಿತ್ಸೆ ನಡೆಸಿ, ಲಕ್ಷಣಗಳು ತಗ್ಗಿದವೆಂದು 2021ರಲ್ಲಿ ಪ್ರಕಟಿಸಿದರು. ಆದರೆ ಹೋಲಿಸಿ ನೋಡಲು ಚಿಕಿತ್ಸೆಯಿಲ್ಲದ ಇನ್ನೊಂದು ಗುಂಪು ಅದರಲ್ಲಿ ಇರಲಿಲ್ಲವಾದ್ದರಿಂದ ನಾನು ಅದನ್ನು ಭರವಸೆ ಎನ್ನುತ್ತೇನೆ, ಪುರಾವೆ ಎನ್ನುವುದಿಲ್ಲ.

ಇಷ್ಟು ಜನರಲ್ಲಿ ಒಬ್ಬರಾದರೂ "ಆ ಕುದುರೆಯ ಗತಿ ಏನ್ರಿ?" ಎಂದು ಕೇಳಬಾರದೇ? ದಿನವಿಡೀ ಬಿಗಿದ ಮೈಗಳ ಪಕ್ಕ ನಿಲ್ಲುವುದು ಅದಕ್ಕೂ ದುಡಿಮೆಯೇ. ಕಿವಿ ಹಿಂದಕ್ಕೆ ಒತ್ತಿ ಬಾಲ ಬೀಸತೊಡಗಿದರೆ ನಾವು ಹಗ್ಗ ಬಿಚ್ಚಿ ಜೊತೆಯ ಕುದುರೆಗಳ ಬಳಿ ಮೇಯಲು ಬಿಡುತ್ತೇವೆ, ಸರದಿ ಕಾಯುತ್ತಿರುವವರು ಎಷ್ಟೇ ಜನರಿರಲಿ. ಮೆರವಣಿಗೆಯ ಕುದುರೆಯೊಂದನ್ನು ಕೊಂಡು ಇಂಥದ್ದೇ ಕೇಂದ್ರ ತೆರೆಯುತ್ತೇವೆನ್ನುವವರು, ಆ ಕುದುರೆ ಬೇಡವೆಂದಾಗ ಹಗ್ಗ ಬಿಚ್ಚುವವರು ಯಾರೆಂದು ನನಗೆ ಮೊದಲು ಹೇಳಲಿ.